ಒಡೆಯರ ಮಾತು ಕೇಳುವ ಕಂಪ್ಯೂಟರ್

ದುಡ್ಡು ಕೊಟ್ಟು ಕಂಪ್ಯೂಟರ್ ಕೊಂಡವರು ಪೆಟ್ಟಿಗೆಗೆ ಒಡೆಯರು. ಅದರೊಳಗೆ ಓಡುವ ತಂತ್ರಾಂಶವನ್ನು ತಿದ್ದುವ, ತೆಗೆದುಹಾಕುವ ಅಧಿಕಾರ ಯಾರಿಗಿದೆಯೋ ಅವರು ಅದರ ನಡವಳಿಕೆಗೆ ಒಡೆಯರು. ಈ ಇಬ್ಬರೂ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಕಿಂಡಲ್ ಓದುಗರು 2009ರ ಜುಲೈಯಲ್ಲಿ ಕಂಡರು. ಹಕ್ಕುಸ್ವಾಮ್ಯವಿಲ್ಲದವರು ಮಾರಿದ ಪ್ರತಿಗಳೆಂಬ ಕಾರಣಕ್ಕೆ, ಓದುಗರು ಆಗಲೇ ಹಣ ತೆತ್ತು ಇಳಿಸಿಕೊಂಡಿದ್ದ ಎರಡು ಪುಸ್ತಕಗಳನ್ನು ಅಮೆಜಾನ್ ಕಂಪನಿ ದೂರದಿಂದಲೇ ಅವರ ಸಾಧನಗಳೊಳಗಿನಿಂದ ಅಳಿಸಿಹಾಕಿತು. ಹಾಗೆ ಮಾಯವಾದವು ಜಾರ್ಜ್ ಆರ್ವೆಲ್ಲರ ‘1984’ ಮತ್ತು ‘ಅನಿಮಲ್ ಫಾರ್ಮ್’. ಹಣ ವಾಪಸು ಬಂತು, ಕಂಪನಿ ಕ್ಷಮೆಯನ್ನೂ ಕೇಳಿತು. ಅಳಿಸಬಲ್ಲ ಏರ್ಪಾಡು ಮಾತ್ರ ಸಾಧನದೊಳಗೆ ಮೊದಲಿನಿಂದಲೇ ಇತ್ತು. ಕೊಂಡವರಲ್ಲಿ ಬಹುಪಾಲು ಜನಕ್ಕೆ ಅದರ ಸುಳಿವು ಸಿಕ್ಕಿದ್ದು ಅಂದೇ.

ಬಳಸುವವರನ್ನೇ ಈ ಎರಡನೆಯ ಅರ್ಥದ ಒಡೆಯರನ್ನಾಗಿ ಮಾಡುವ ಪ್ರಯತ್ನ ಶುರುವಾಗಿದ್ದು 1983ರ ಸೆಪ್ಟೆಂಬರ್ 27ರಂದು. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅಂದು ಗ್ನೂ ಎಂಬ ಸಂಪೂರ್ಣ ಸ್ವತಂತ್ರ ಆಪರೇಟಿಂಗ್ ಸಿಸ್ಟಂ ಬರೆಯುವುದಾಗಿ ಪ್ರಕಟಿಸಿದರು. ಅವರು ಕಟ್ಟಿದ ಚಳವಳಿಯ ಪ್ರಕಾರ ತಂತ್ರಾಂಶವೊಂದು ಸ್ವತಂತ್ರ ಎನಿಸಿಕೊಳ್ಳಲು ಬಳಸುವವರಿಗೆ ನಾಲ್ಕು ಹಕ್ಕು ಇರಬೇಕು: ಯಾವ ಉದ್ದೇಶಕ್ಕಾದರೂ ಓಡಿಸುವುದು, ಆಕರ ಸಂಕೇತವನ್ನು ಓದಿ ಬೇಕಾದಂತೆ ಬದಲಿಸಿಕೊಳ್ಳುವುದು, ಪ್ರತಿ ಮಾಡಿ ಹಂಚುವುದು, ಬದಲಿಸಿದ ಪ್ರತಿಯನ್ನೂ ಹಂಚುವುದು. ಬೆಲೆಯ ಮಾತು ಇದರಲ್ಲಿಲ್ಲ. ಸ್ವತಂತ್ರ ತಂತ್ರಾಂಶವನ್ನು ಮಾರಲೂಬಹುದು. 1989ರಲ್ಲಿ ಬಂದ ಜಿಪಿಎಲ್ ಪರವಾನಗಿ ಇನ್ನೊಂದು ಷರತ್ತು ಸೇರಿಸಿತು. ತಿದ್ದಿ ಹಂಚುವವರು ತಮಗೆ ಸಿಕ್ಕ ಹಕ್ಕುಗಳನ್ನೆಲ್ಲ ಮುಂದಿನವರಿಗೂ ಕೊಡಲೇಬೇಕು. ಗ್ನೂವಿಗೆ ಆಕರ ಸಂಕೇತವನ್ನು ಯಂತ್ರ ಓಡಿಸುವ ರೂಪಕ್ಕೆ ತಿರುಗಿಸುವ ಕಂಪೈಲರ್, ಪಠ್ಯ ಸಂಪಾದಕ ಮೊದಲಾದವು ಸಿದ್ಧವಾಗಿದ್ದರೂ ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಕರ್ನಲ್ ಇರಲಿಲ್ಲ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಮರುವರ್ಷ ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಆ ಜಾಗ ತುಂಬಿತು.

ಸ್ವತಂತ್ರ ತಂತ್ರಾಂಶವೆಂದ ಮಾತ್ರಕ್ಕೆ ಖಾಸಗಿತನ ತಾನಾಗಿ ಬರುವುದಿಲ್ಲ. 2012ರ ಅಕ್ಟೋಬರಿನಲ್ಲಿ ಬಂದ, ಲಿನಕ್ಸ್ ಆಧರಿಸಿದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮಿನ 12.10 ಆವೃತ್ತಿಯಲ್ಲಿ, ಬಳಸುವವರು ತಮ್ಮದೇ ಕಂಪ್ಯೂಟರಿನಲ್ಲಿ ಕಡತ ಹುಡುಕಲು ಟೈಪು ಮಾಡಿದ ಪದಗಳು ಅದನ್ನು ತಯಾರಿಸುವ ಕೆನೋನಿಕಲ್ ಕಂಪನಿಯ ಸರ್ವರಿಗೆ ಹೋಗಿ ಅಮೆಜಾನ್ ಸರಕುಗಳ ಪಟ್ಟಿಯಾಗಿ ಹಿಂದಿರುಗುತ್ತಿದ್ದವು. ಸ್ಟಾಲ್‌ಮನ್ ಅದನ್ನು ಬೇಹುಗಾರ ತಂತ್ರಾಂಶವೆಂದೇ ಕರೆದರು. ಮುಚ್ಚಿದ ತಂತ್ರಾಂಶಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಮುಂದೆ ನಡೆದದ್ದರಲ್ಲಿದೆ. ಸಂಕೇತ ಎಲ್ಲರ ಕಣ್ಣೆದುರಿಗಿತ್ತು, ತೆಗೆದುಹಾಕುವ ವಿಧಾನ ಕೂಡಲೇ ಹರಡಿತು, ಅದಿಲ್ಲದ ಲಿನಕ್ಸ್ ವಿತರಣೆಗಳು ಬೇಕಾದಷ್ಟಿದ್ದವು. 2016ರ ಆವೃತ್ತಿಯ ಹೊತ್ತಿಗೆ ಆ ಹುಡುಕಾಟ ತಾನಾಗಿ ಚಾಲೂ ಆಗುವುದು ನಿಂತಿತು.

ಬಳಸುವವರ ಹಿಡಿತದಲ್ಲೇ ಇರುವ, ಖಾಸಗಿತನ ಕಾಯುವ ಕಂಪ್ಯೂಟರ್ ಪರಿಸರವನ್ನು ಕಟ್ಟಹೊರಟವರಿಗೆ ಅತ್ಯಂತ ತೊಡಕಿನ ಭಾಗ ಎದುರಾಗುವುದು ಅಡಿಪಾಯದಲ್ಲೇ. ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಯಂತ್ರಾಂಶದೊಳಗೆ ಫರ್ಮ್‌ವೇರ್ ಎಂಬ ಕಿರುತಂತ್ರಾಂಶ ಓಡುತ್ತದೆ. ಮದರ್‌ಬೋರ್ಡ್, ವೈಫೈ ಚಿಪ್, ಡಿಸ್ಕ್ ಎಲ್ಲಕ್ಕೂ ತಮ್ಮ ತಮ್ಮ ಫರ್ಮ್‌ವೇರ್ ಇದೆ, ಬಹುಪಾಲು ಮುಚ್ಚಿದವು. 2008ರ ಸುಮಾರಿನಿಂದ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರೇ ಅಡಗಿದೆ. ಮುಖ್ಯ ಪ್ರೊಸೆಸರ್ ಮಲಗಿದ್ದರೂ ಅದು ಎಚ್ಚರವಾಗಿರಬಲ್ಲದು, ಆಪರೇಟಿಂಗ್ ಸಿಸ್ಟಮಿಗೆ ಅದರ ಮೇಲೆ ಹಿಡಿತವಿಲ್ಲ. ಅದರ ಹೊಸ ಆವೃತ್ತಿಗಳೊಳಗೆ ಓಡುತ್ತಿರುವುದು ಮಿನಿಕ್ಸ್ ಎಂದು 2017ರಲ್ಲಿ ಬಯಲಾಯಿತು. ಮಿನಿಕ್ಸ್ ಎಂದರೆ ಪ್ರೊಫೆಸರ್ ಆ್ಯಂಡ್ರೂ ಟೇನೆನ್‌ಬಾಮ್ ಪಾಠ ಹೇಳಲು ಬರೆದ ಆಪರೇಟಿಂಗ್ ಸಿಸ್ಟಂ. ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಬಳಸಿದ್ದೂ ಅದನ್ನೇ. ಅದರ ಪರವಾನಗಿಯಲ್ಲಿ ಜಿಪಿಎಲ್‌ನ ಷರತ್ತು ಇಲ್ಲದ್ದರಿಂದ ಇಂಟೆಲ್ ಅದನ್ನು ತಿದ್ದಿ, ಮುಚ್ಚಿ, ಕೋಟಿಗಟ್ಟಲೆ ಯಂತ್ರಗಳಲ್ಲಿ ತುಂಬಲು ಯಾವ ಅಡ್ಡಿಯೂ ಇರಲಿಲ್ಲ. ಒಂದೇ ಸಂಕೇತ ಕಂಪನಿಯ ಕೈಯಲ್ಲಿ ಸ್ವತಂತ್ರ, ಗ್ರಾಹಕರ ಕೈಯಲ್ಲಿ ಬಂದಿ. ಅದೇ ವರ್ಷ ಪಾಸಿಟಿವ್ ಟೆಕ್ನಾಲಜೀಸ್ ಸಂಸ್ಥೆಯ ಸಂಶೋಧಕರು ಈ ಎಂಜಿನ್ನನ್ನು ಬಹುಮಟ್ಟಿಗೆ ನಿಷ್ಕ್ರಿಯಗೊಳಿಸುವ ಗುಪ್ತ ಸ್ವಿಚ್ಚೊಂದನ್ನು ಪತ್ತೆಹಚ್ಚಿದರು. ಅದು ಇದ್ದುದು ಅಮೆರಿಕ ಸರ್ಕಾರದ ಒಂದು ಭದ್ರತಾ ಯೋಜನೆಗಾಗಿ. ಸರ್ಕಾರಕ್ಕೆ ಬೇಡವೆನ್ನುವ ಸೌಕರ್ಯವಿತ್ತು, ಜನಸಾಮಾನ್ಯರಿಗೆ ಇರಲಿಲ್ಲ.

ಮುಚ್ಚಿದ ಫರ್ಮ್‌ವೇರಿಗೆ ಉತ್ತರವಾಗಿ ಕೋರ್‌ಬೂಟ್, ಲಿಬ್ರೆಬೂಟ್ ಎಂಬ ಸ್ವತಂತ್ರ ಬೂಟ್ ಫರ್ಮ್‌ವೇರ್‌ಗಳಿವೆ. 2008ರ ಥಿಂಕ್‌ಪ್ಯಾಡ್ ಎಕ್ಸ್200ರಂಥ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅವುಗಳ ನೆರವಿನಿಂದ ಮ್ಯಾನೇಜ್‌ಮೆಂಟ್ ಎಂಜಿನ್ನನ್ನು ಪೂರ್ತಿ ಕಿತ್ತುಹಾಕಬಹುದು. ನಂತರದ ಯಂತ್ರಗಳಲ್ಲಿ ಅದರ ತಂತ್ರಾಂಶವನ್ನು ಹೆಚ್ಚೆಂದರೆ ಕತ್ತರಿಸಿ ಕುಗ್ಗಿಸಬಹುದು. ಇಂಟೆಲ್ ಯಂತ್ರದಲ್ಲಿ ಶುದ್ಧ ಸ್ವಾತಂತ್ರ್ಯ ಬೇಕೆನ್ನುವವರು ಹೀಗೆ ಹದಿನೈದು ವರ್ಷಕ್ಕೂ ಹಿಂದಿನ ಯಂತ್ರಕ್ಕೆ ಅಂಟಿಕೊಳ್ಳಬೇಕಾಗಿದೆ, ಅದಕ್ಕೆ ಬಿಡಿಭಾಗ ಸಿಗುವುದೂ ವರ್ಷದಿಂದ ವರ್ಷಕ್ಕೆ ಕಷ್ಟ. ಹೆಚ್ಚಿನವರ ಮಟ್ಟಿಗೆ ಇದು ಮೊದಲ ಹೆಜ್ಜೆಯಾಗಬೇಕಿಲ್ಲ. ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಸಿಗುವ ಲಾಭವೇ ದೊಡ್ಡದು.

ಆಪರೇಟಿಂಗ್ ಸಿಸ್ಟಂ ಆರಿಸುವಾಗಲೂ ಫರ್ಮ್‌ವೇರ್ ಪ್ರಶ್ನೆ ಬೆನ್ನು ಬಿಡದು. 1993ರಲ್ಲಿ ಇಯನ್ ಮರ್ಡಕ್ ಆರಂಭಿಸಿದ ಡೆಬಿಯನ್, ಸ್ವಯಂಸೇವಕರೇ ನಡೆಸುವ ದೊಡ್ಡ ವಿತರಣೆ. ಬಳಸುವವರಿಗೆ ಕೊಟ್ಟ ಮಾತನ್ನು ‘ಸಾಮಾಜಿಕ ಒಪ್ಪಂದ’ ಎಂದು ಬರೆದಿಟ್ಟುಕೊಂಡಿರುವ ಯೋಜನೆ ಅದು. ವೈಫೈ ಮುಂತಾದವಕ್ಕೆ ಬೇಕಾದ ಮುಚ್ಚಿದ ಫರ್ಮ್‌ವೇರನ್ನು ಅಧಿಕೃತ ಸ್ಥಾಪನಾ ಡಿಸ್ಕಿನಿಂದ ಹೊರಗಿಡುವುದು ಬಹುಕಾಲ ಅದರ ಪದ್ಧತಿಯಾಗಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ಆ ಪದ್ಧತಿ ಬದಲಿಸಿದರು, 2023ರ ಡೆಬಿಯನ್ 12ರಿಂದ ಅವು ಡಿಸ್ಕಿನಲ್ಲೇ ಬರುತ್ತಿವೆ. ಇದನ್ನು ಒಪ್ಪದವರಿಗೆ ಟ್ರಿಸ್ಕೆಲ್, ಪ್ಯಾರಾಬೋಲಾ, ಗೀಕ್ಸ್ ಇವೆ. ಇವು ಕರ್ನಲ್ಲಿನಿಂದಲೂ ಮುಚ್ಚಿದ ತುಣುಕುಗಳನ್ನು ತೆಗೆದ ಲಿನಕ್ಸ್-ಲಿಬ್ರೆಯನ್ನು ಬಳಸುತ್ತವೆ. ಅವುಗಳಲ್ಲಿ ಹಲವು ಲ್ಯಾಪ್‌ಟಾಪ್‌ಗಳ ವೈಫೈ ಏಳುವುದೇ ಇಲ್ಲ. ನೆಟ್‌ವರ್ಕ್ ಇಲ್ಲದ ಕಂಪ್ಯೂಟರನ್ನು ಮೂಲೆಗಿಟ್ಟು ಮತ್ತೆ ಹಳೆಯ ವಿಂಡೋಸಿಗೆ ಹೋದರೆ ಯಾರಿಗೂ ಪ್ರಯೋಜನವಿಲ್ಲವೆಂಬ ಡೆಬಿಯನ್ ಬಹುಮತದ ಲೆಕ್ಕಾಚಾರ ವ್ಯಾವಹಾರಿಕವಾಗಿ ಸರಿಯೆನಿಸುತ್ತದೆ. ಯಾವ ಮುಚ್ಚಿದ ತುಣುಕು ಒಳಬಂದಿದೆ ಎಂಬುದನ್ನು ಸ್ಥಾಪನೆಯ ವೇಳೆ ತಿಳಿಸುವ, ಬೇಡವೆಂದರೆ ಬಿಡುವ ಏರ್ಪಾಡನ್ನೂ ಡೆಬಿಯನ್ ಉಳಿಸಿಕೊಂಡಿದೆ.

ಸಂಕೇತ ತೆರೆದಿದೆ ಎಂದಾಕ್ಷಣ ಯಾರೋ ಓದಿದ್ದಾರೆ ಎಂದು ಅರ್ಥವಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಾಧಾರಣ ಸಾಧನ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದುದು ಮುಖ್ಯವಾಗಿ ಒಬ್ಬರೇ ಸ್ವಯಂಸೇವಕರು, ಅವರು ದಣಿದಿದ್ದರು. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಬಂದವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕರಂತೆ ದುಡಿದು, ನಂಬಿಕೆ ಗಳಿಸಿ, ನಡುವೆ ಬಿಡುಗಡೆಯ ಅಧಿಕಾರವನ್ನೇ ಪಡೆದರು. ಆಮೇಲೆ ದೂರದಿಂದ ಸರ್ವರಿನೊಳಗೆ ನುಗ್ಗಲು ಹಿಂಬಾಗಿಲೊಂದನ್ನು ಸೇರಿಸಿದರು. 2024ರ ಮಾರ್ಚಿನಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಡೆಬಿಯನ್ ಯಂತ್ರಕ್ಕೆ ದೂರದಿಂದ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿ ಅದರ ಬೆನ್ನು ಹತ್ತಿದರು. ಹಿಂಬಾಗಿಲು ಸಿಕ್ಕಿಬಿತ್ತು. ಅಷ್ಟರಲ್ಲಿ ಅದು ಪರೀಕ್ಷಾ ಆವೃತ್ತಿಗಳನ್ನು ತಲುಪಿತ್ತು, ಜನಸಾಮಾನ್ಯರು ಬಳಸುವ ಡೆಬಿಯನ್ ಸ್ಥಿರ ಆವೃತ್ತಿಗೆ ಇನ್ನೂ ಹೋಗಿರಲಿಲ್ಲ. ತೆರೆದ ಸಂಕೇತದಿಂದಾಗಿ ಪತ್ತೆ ಸಾಧ್ಯವಾಯಿತು ಎಂಬುದು ನಿಜ, ಅದೃಷ್ಟದ ಪಾಲೂ ಕಡಿಮೆಯಿರಲಿಲ್ಲ.

ಆ ಹಿಂಬಾಗಿಲನ್ನು ಚಾಲೂ ಮಾಡುವ ತುಣುಕು ಎಲ್ಲರೂ ನೋಡುವ ಸಂಕೇತ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಓದುವ ಸಂಕೇತ ಒಂದು, ಓಡುವ ಸಂಕೇತ ಇನ್ನೊಂದು ಆಗಬಹುದೆಂಬ ಈ ಭಯ ಹಳೆಯದು. ಯುನಿಕ್ಸ್ ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್, 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಕಂಪೈಲರನ್ನೇ ಕೆಡಿಸಿದರೆ ಸಂಕೇತದಲ್ಲಿ ಯಾವ ಕುರುಹೂ ಉಳಿಸದೆ ಹಿಂಬಾಗಿಲು ಇಡಬಹುದೆಂದು ತೋರಿಸಿದ್ದರು. ಡೆಬಿಯನ್ 2013ರಿಂದ ಇದಕ್ಕೆ ಮದ್ದು ಅರೆಯುತ್ತಿದೆ: ಒಂದೇ ಸಂಕೇತದಿಂದ ಯಾರು, ಎಲ್ಲಿ ಕಟ್ಟಿದರೂ ಕೊನೆಯ ಬಿಟ್‌ವರೆಗೂ ಒಂದೇ ಫಲ ಬರುವಂತೆ ಪ್ಯಾಕೇಜುಗಳನ್ನು ತಿದ್ದುವುದು. ಆಗ ಬೇರೆಬೇರೆಯವರು ಕಟ್ಟಿ ಹೋಲಿಸಿದರೆ ಕಲಬೆರಕೆ ಎದ್ದು ಕಾಣುತ್ತದೆ. ಗೀಕ್ಸ್ ಯೋಜನೆ ಇನ್ನೂ ಆಳಕ್ಕಿಳಿದಿದೆ. ಕೇವಲ 357 ಬೈಟಿನ ಒಂದು ಬೀಜದಿಂದ ಆರಂಭಿಸಿ, ಹಂತಹಂತವಾಗಿ ಕಂಪೈಲರುಗಳನ್ನು ಕಟ್ಟುತ್ತ ಪೂರ್ತಿ ಸಿಸ್ಟಮನ್ನು ಸಂಕೇತದಿಂದಲೇ ಬೆಳೆಸುವುದನ್ನು ಅದು 2023ರಲ್ಲಿ ಸಾಧಿಸಿತು. ಯುನಿಕೋಡಿನಲ್ಲಿ ಬರೆದ ಒಂದು ಉದ್ದನೆಯ ಕನ್ನಡ ವಾಕ್ಯ ಇದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅಷ್ಟು ಚಿಕ್ಕದನ್ನು ಮನುಷ್ಯರು ಕೂತು ಬೈಟ್ ಬೈಟಾಗಿ ಪರಿಶೀಲಿಸಬಹುದು. ಆದರೆ ಈ ಕಟ್ಟೋಣ ನಡೆಯುವ ಯಂತ್ರದ ಕರ್ನಲ್ಲನ್ನು ಇನ್ನೂ ನಂಬಲೇಬೇಕು.

ಬಳಸುವವರ ಕೈಯಲ್ಲೇ ಇರುವ ರಕ್ಷಣೆಗಳಲ್ಲಿ ಡಿಸ್ಕ್ ಗೂಢಲಿಪೀಕರಣ ಮುಖ್ಯ. ಲಿನಕ್ಸ್ ಸ್ಥಾಪಿಸುವಾಗಲೇ ಲಕ್ಸ್ ಎಂಬ ವ್ಯವಸ್ಥೆಯನ್ನು ಆರಿಸಿಕೊಂಡರೆ ಡಿಸ್ಕಿಗೆ ಬರೆದದ್ದು ಬಹುತೇಕ ಎಲ್ಲವೂ ಗೂಢಲಿಪಿಯಾಗಿರುತ್ತದೆ. ಬೇಹುಗಾರರ ಕಥೆ ಹಾಗಿರಲಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋಗುವುದು, ರಿಪೇರಿ ಅಂಗಡಿಯಲ್ಲಿ ಎರಡು ದಿನ ಬಿದ್ದಿರುವುದು ನಿತ್ಯದ ಸಂಗತಿ, ಇದು ನೆರವಿಗೆ ಬರುವುದು ಅಲ್ಲಿ. ಗುಪ್ತಪದ ಮರೆತರೆ ಮಾತ್ರ ಯಾವ ಗ್ರಾಹಕ ಸೇವಾ ಕೇಂದ್ರವೂ ಡಿಸ್ಕ್ ತೆರೆದುಕೊಡಲಾರದು, ಆದ್ದರಿಂದ ಬೇರೊಂದು ಕಡೆ ಪ್ರತಿ ಇರಲೇಬೇಕು.

ಯಂತ್ರದಿಂದ ಹೊರಬಿದ್ದ ಮಾಹಿತಿಗೆ ಬೇರೆಯೇ ಲೆಕ್ಕ. ಬ್ರೌಸರಿನ ಬೀಗದ ಗುರುತು ತಾಣದೊಡನೆ ನಡೆಯುವ ಮಾತುಕತೆಯನ್ನು ಮುಚ್ಚುತ್ತದೆ, ಯಾವ ತಾಣಕ್ಕೆ ಹೋಗಿದ್ದೆಂಬುದನ್ನು ಇಂಟರ್‌ನೆಟ್ ಒದಗಿಸುವ ಕಂಪನಿ ಸಾಮಾನ್ಯವಾಗಿ ತಿಳಿಯಬಲ್ಲದು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಟಾರ್ ಜಾಲ ಈ ಸಂಪರ್ಕವನ್ನು ಸ್ವಯಂಸೇವಕರ ಮೂರು ಕಂಪ್ಯೂಟರುಗಳ ಮೂಲಕ ಹಾಯಿಸುತ್ತದೆ. ಕೇಳಿದವರು ಯಾರು, ಕೇಳಿದ್ದು ಏನು ಎಂಬೆರಡೂ ಅವುಗಳಲ್ಲಿ ಯಾವ ಒಂದಕ್ಕೂ ಒಟ್ಟಿಗೆ ಗೊತ್ತಾಗದು. ಪೆನ್‌ಡ್ರೈವಿನಿಂದ ಓಡಿ, ಎಲ್ಲವನ್ನೂ ಟಾರ್ ಮೂಲಕ ಕಳಿಸಿ, ಕಂಪ್ಯೂಟರಿನಲ್ಲಿ ಗುರುತುಳಿಸದೆ ಮುಗಿಯುವ ಟೈಲ್ಸ್ ಎಂಬ ಸಿಸ್ಟಮನ್ನು, ಅಮೆರಿಕ ಸರ್ಕಾರದ ಬೇಹುಗಾರಿಕೆಯನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡನ್ 2013ರಲ್ಲಿ ಪತ್ರಕರ್ತರನ್ನು ಸಂಪರ್ಕಿಸಲು ಬಳಸಿದ್ದರು. ಇಷ್ಟೆಲ್ಲ ಮಾಡಿ ತಮ್ಮ ನಿಜ ಹೆಸರಿನ ಖಾತೆಗೇ ಲಾಗಿನ್ ಆದವರನ್ನು ಟಾರ್ ಕೂಡ ಕಾಯಲಾರದು.

ಇನ್ನೊಬ್ಬರ ಸರ್ವರಿನಲ್ಲಿ ನಡೆಯುವ ಕೆಲಸಕ್ಕೆ ಸ್ವತಂತ್ರ ತಂತ್ರಾಂಶದ ಆ ನಾಲ್ಕು ಹಕ್ಕುಗಳು ತಲುಪುವುದೇ ಇಲ್ಲ. ನೆಕ್ಸ್ಟ್‌ಕ್ಲೌಡ್ ಎಂಬ ಸ್ವತಂತ್ರ ತಂತ್ರಾಂಶ ಬಳಸಿ ಫೋಟೋ, ಕ್ಯಾಲೆಂಡರ್, ವಿಳಾಸ ಪುಸ್ತಕಗಳನ್ನು ಸ್ವಂತ ಸರ್ವರಿನಲ್ಲಿ ಇಡಬಹುದು. ಇಮೇಲನ್ನು ಹಾಗೆ ನಡೆಸಹೊರಟರೆ ದೊಡ್ಡ ಕಂಪನಿಗಳು ಪುಟ್ಟ ಸರ್ವರಿನ ಪತ್ರಗಳನ್ನು ಕಸದ ಬುಟ್ಟಿಗೆ ಹಾಕುವುದೇ ಹೆಚ್ಚು, ಆ ತಾಪತ್ರಯ ಒಬ್ಬೊಬ್ಬರೇ ಹೊರುವಂಥದ್ದಲ್ಲ. ಸಂದೇಶಗಳಿಗೆ ಸಿಗ್ನಲ್ ಸ್ವತಂತ್ರ ತಂತ್ರಾಂಶವೇ ಆದರೂ ನೋಂದಾಯಿಸಲು ಫೋನ್ ನಂಬರ್ ಕೇಳುತ್ತದೆ. ಮ್ಯಾಟ್ರಿಕ್ಸ್, ಎಕ್ಸ್‌ಎಂಪಿಪಿಗಳಲ್ಲಿ ಸರ್ವರನ್ನು ಬಳಸುವವರೇ ಆರಿಸಬಹುದು, ಅಲ್ಲಿ ಪರಿಚಯದವರು ಸಿಗುವುದು ಅಪರೂಪ. ಕಂಪನಿಗಳ, ಸರ್ಕಾರದ ಕೈಸೇರಿದ ಮಾಹಿತಿಗೆ ಕಾನೂನೇ ಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಕಡತಗಳ ರೂಪವೂ ಸ್ವಾಯತ್ತತೆಯ ವಿಷಯವೇ, ಇದರ ಬಿಸಿ ಕನ್ನಡಿಗರಿಗೆ ಚೆನ್ನಾಗಿ ತಟ್ಟಿದೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಪೇಜ್‌ಮೇಕರಿಗೆ ಯುನಿಕೋಡ್ ಬಾರದ್ದರಿಂದ ಮುದ್ರಣದವರು ಬಹುಕಾಲ ಆ ಹಳೆಯ ಫಾಂಟುಗಳಿಗೇ ಕಟ್ಟುಬಿದ್ದರು. ಇಂದು ಲಿನಕ್ಸಿನಲ್ಲಿ ಯುನಿಕೋಡ್ ಕನ್ನಡಕ್ಕೆ ಲೋಹಿತ್, ನೋಟೋ ಮುಂತಾದ ಸ್ವತಂತ್ರ ಫಾಂಟುಗಳಿವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಐಬಸ್ ಎಂಬ ಅಕ್ಷರ ಮೂಡಿಸುವ ವ್ಯವಸ್ಥೆಯ ಮೂಲಕ ಸಿಗುತ್ತದೆ. ಅಚ್ಚಾದ ಪುಟದಿಂದ ಕನ್ನಡ ಪಠ್ಯ ತೆಗೆಯಲು ಟೆಸರ‍್ಯಾಕ್ಟ್ ಇದೆ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಓಡಿಎಫ್ ಕಡತರೂಪ 2006ರಿಂದ ಅಂತರರಾಷ್ಟ್ರೀಯ ಮಾನಕವೂ ಹೌದು. ತಂತ್ರಾಂಶ ಬದಲಾದರೂ ಬರೆದದ್ದು ಉಳಿಯುತ್ತದೆ.

ಇಷ್ಟನ್ನೂ ಲ್ಯಾಪ್‌ಟಾಪಿನಲ್ಲಿ ಸಾಧಿಸಿದವರು ಫೋನಿನಲ್ಲಿ ಸೋಲುತ್ತಾರೆ. ಆ್ಯಂಡ್ರಾಯ್ಡಿನ ತಳಹದಿ ಸ್ವತಂತ್ರ, ಅದರ ಮೇಲೆ ಬರುವ ಗೂಗಲ್ ಸೇವೆಗಳು ಮುಚ್ಚಿದವು. ಅವುಗಳಿಲ್ಲದ ಲಿನಿಯೇಜ್ ಓಎಸ್, ಭದ್ರತೆಗೆ ಹೆಸರಾದ ಗ್ರಾಫೀನ್ ಓಎಸ್ ಇವೆ, ಸ್ವತಂತ್ರ ಆ್ಯಪ್‌ಗಳಿಗೆಂದೇ ಎಫ್-ಡ್ರಾಯ್ಡ್ ಭಂಡಾರವಿದೆ. ಕೀಬೋರ್ಡ್ ಆ್ಯಪನ್ನಾದರೂ ಅಲ್ಲಿಂದ ಆರಿಸಿಕೊಳ್ಳುವುದು ಒಳಿತು, ಟೈಪಿಸಿದ್ದೆಲ್ಲವೂ ಅದರ ಕಣ್ಣಿಗೆ ಬೀಳುತ್ತದೆ. ಆದರೆ ಹೀಗೆ ಬದಲಿಸಿದ ಫೋನಿನಲ್ಲಿ ಹಲವು ಬ್ಯಾಂಕುಗಳ ಆ್ಯಪ್ ಓಡಲು ಒಪ್ಪುವುದಿಲ್ಲ. ತರಕಾರಿಗೂ ಯುಪಿಐ ಮಾಡುವ ಊರುಗಳಲ್ಲಿ ಇದು ಸಣ್ಣ ಬೆಲೆಯೇನಲ್ಲ. ಬೇಕಿದ್ದವರು ಬ್ಯಾಂಕಿನ ಕೆಲಸಕ್ಕೆ ಬೇರೆ ಫೋನ್ ಇಟ್ಟುಕೊಳ್ಳುತ್ತಾರೆ. ಸಿಮ್ ಜೊತೆ ಮಾತಾಡುವ ಮೋಡೆಮ್ ಮುಚ್ಚಿದ ಫರ್ಮ್‌ವೇರ್ ಹೊತ್ತ ಬೇರೆಯೇ ಪ್ರೊಸೆಸರ್. ಕರೆ ಬಂದರೆ ಮುಟ್ಟಿಸಲು ಫೋನ್ ಯಾವ ಟವರಿನ ಆಸರೆಯಲ್ಲಿದೆ ಎಂಬುದು ಮೊಬೈಲ್ ಕಂಪನಿಗೆ ತಿಳಿದಿರಲೇಬೇಕು, ಆ ದಾಖಲೆಯನ್ನು ಫೋನಿನೊಳಗಿನ ಯಾವ ತಂತ್ರಾಂಶವೂ ಅಳಿಸಲಾರದು.