ಬಯಲಲ್ಲೊಂದು ಜಂಕ್ಷನ್

ಕಲಬುರಗಿ ಜಿಲ್ಲೆಯ ಬರಡು ಬಯಲಲ್ಲಿ ವಾಡಿಯಂಥ ರೈಲ್ವೆ ಊರು ಹುಟ್ಟಿದ್ದು ಹೇಗೆ?
(ಓದುಗರು, ಅಮ್ಮಿನಬಾವಿ)

ಹಳಿಗಳು ಕೂಡಿದ್ದರಿಂದ. ಮುಂಬೈ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಸೇರಿತು. ನಿಜಾಮರ ರಾಜಧಾನಿಗೂ ರೈಲು ಬೇಕಲ್ಲ! 1874ರಲ್ಲಿ ಸಿಕಂದರಾಬಾದಿನ ಮಾರ್ಗ ವಾಡಿಯಲ್ಲಿ ಮುಂಬೈ ಹಳಿಗೆ ಬಂದು ಕೂಡಿತು. ಆಗಿನ ಗಾಡಿಗಳ ಉಗಿ ಎಂಜಿನ್ನಿನದು ಮುಚ್ಚಳ ತೆಗೆದಿಟ್ಟ ಎಸರಿನ ಪಾಡು: ಪಿಸ್ಟನ್ ತಳ್ಳಿದ ಉಗಿ ಚಿಮಣಿಯಿಂದ ಹಾರಿಹೋಗುತ್ತದೆ, ನೀರು ಇಂಗುತ್ತಲೇ ಇರುತ್ತದೆ. ಹಾಗಾಗಿ ದಾರಿಯಲ್ಲಿ ಮತ್ತೆ ಮತ್ತೆ ನೀರು, ಕಲ್ಲಿದ್ದಲು ತುಂಬಬೇಕು, ಬೂದಿ ಬಾಚಬೇಕು. ಇಂಥ ಜಂಕ್ಷನ್ನುಗಳಲ್ಲಿ ಕೆಲಸದವರಿಗೆ ಕ್ವಾರ್ಟರ್ಸು, ಗಾಡಿ ಬದಲಿಸುವವರಿಗೆ ಚಹಾ, ಅದರ ಬೆನ್ನಿಗೇ ಕಿರಾಣಿ ಅಂಗಡಿ. ಉಗಿ ಎಂಜಿನ್ ಹೋದ ಮೇಲೂ ವಾಡಿ ಸೊರಗಲಿಲ್ಲ. ನೆಲದಡಿಯ ಸುಣ್ಣದಕಲ್ಲನ್ನು ನಂಬಿ 1968ರಲ್ಲೇ ಅಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾಗಿತ್ತು.