ಕದ್ದು ಕೊಡುವ ಔಷಧ ಬೇಡ

ಮನೆಯ ಯಜಮಾನ ಕುಡಿತಕ್ಕೆ ಬಿದ್ದರೆ ಸಂಸಾರ ತೂಗಿಸುವ ಹೆಣ್ಣಿನ ಪಾಡು ಯಾರಿಗೂ ಬೇಡ. ಪಗಾರದ ದಿನ ಬಂತೆಂದರೆ ಎಲ್ಲರ ಮನೆಯಲ್ಲಿ ಸಂತೋಷ, ಆಕೆಯ ಎದೆಯಲ್ಲಿ ಮಾತ್ರ ಡವಡವ. ನಮ್ಮ ಶಹಾಬಾದ ಫರಸಿ ಕಲ್ಲಿನ ಊರು. ಪಕ್ಕದ ವಾಡಿ, ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳು. ಕಲ್ಲು ಗಣಿಯ ಕೆಲಸವಿರಲಿ, ತೊಗರಿ ಹೊಲದ ಕೆಲಸವಿರಲಿ, ಮೈ ಮುರಿಯುವ ದುಡಿಮೆ. "ಮೈಕೈ ನೋವಿಗೆ ಒಂದೀಟು" ಎಂದು ಶುರುವಾದದ್ದು ಯಾವಾಗ ಮನೆಯನ್ನೇ ನುಂಗಿತೆಂದು ಹೇಳಲಾಗದು.

ಹರಕೆ ಹೊತ್ತು, ಆಣೆ ಹಾಕಿಸಿ, ತವರಿಗೆ ಹೋಗಿ ಕೂತು, ಎಲ್ಲ ಮುಗಿದ ಮೇಲೆ ಯಾರಾದರೂ ಒಂದು ಪೊಟ್ಟಣ ತಂದು, "ಇದನ್ನ ಪಲ್ಯದಾಗ ಕಲಸಿ ಹಾಕ್ರಿ ಅಕ್ಕಾ, ಅವರಿಗೆ ಗೊತ್ತೇ ಆಗಂಗಿಲ್ಲ, ತಾವೇ ಬಿಡ್ತಾರ" ಎಂದರೆ ಯಾವ ಹೆಂಗಸು ಬೇಡವೆಂದಾಳು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯ! ಇಂಥ ಜಾಹೀರಾತು ಗೋಡೆಗಳ ಮೇಲೂ ಕಾಣುತ್ತದೆ, ಈಗ ಮೊಬೈಲಿನಲ್ಲೂ ಬರುತ್ತದೆ. ಸೋದರಿಯರೇ, ಈ ನಾಲ್ಕು ಮಾತು ಬರೆಯುತ್ತಿರುವುದು ಆ ಪೊಟ್ಟಣದ ಸಲುವಾಗಿಯೇ.

ಪೊಟ್ಟಣದೊಳಗೆ ಏನಿದೆ?

ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಮಾರುವವನನ್ನು ಕೇಳಿದರೆ "ಗಿಡಮೂಲಿಕೆ" ಎನ್ನುತ್ತಾನೆ. ಬರೇ ಬೂದಿಯಂಥದ್ದಿದ್ದರೆ ದುಡ್ಡು ಹೋಯಿತು, ಅಷ್ಟೆ. ಆದರೆ ಅದರಲ್ಲಿ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಅರೆದು ಹಾಕಿದ್ದರೆ ಜೀವಕ್ಕೇ ಸಂಚಕಾರ.

ಈ ಔಷಧದ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. 1937ರಲ್ಲಿ ಅಮೆರಿಕದ ಒಬ್ಬ ಡಾಕ್ಟರು, ರಬ್ಬರ್ ಕಾರ್ಖಾನೆಯಲ್ಲಿ ಒಂದು ರಾಸಾಯನಿಕದ ಜೊತೆ ಕೆಲಸ ಮಾಡುವವರಿಗೆ ಕುಡಿದರೆ ಮೈಗೆ ಆಗಿಬರುವುದಿಲ್ಲವೆಂದು ಗಮನಿಸಿ ಬರೆದರು. ಮುಂದೆ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ವಿಜ್ಞಾನಿಗಳು, ಹೊಟ್ಟೆಯ ಹುಳುವಿಗೆ ಔಷಧ ಹುಡುಕುತ್ತ ಅದೇ ಜಾತಿಯ ಡೈಸಲ್ಫಿರಾಮನ್ನು ತಾವೇ ನುಂಗಿ ನೋಡಿದರು. ಆಮೇಲೆ ಕುಡಿದಾಗ ಅವರಿಗೂ ಅದೇ ಪಾಡು! 1948ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಇದು ಕುಡಿತ ಬಿಡಿಸುವ ಔಷಧವಾಯಿತು.

ಕೆಲಸ ಮಾಡುವ ರೀತಿ ಸರಳ. ಹೊಟ್ಟೆಗೆ ಹೋದ ಮದ್ಯ ಮೊದಲು ಒಂದು ವಿಷವಸ್ತುವಾಗಿ, ಆಮೇಲೆ ನಿರುಪದ್ರವಿಯಾಗಿ ಕರಗುತ್ತದೆ. ಈ ಮಾತ್ರೆ ಎರಡನೆಯ ಹಂತವನ್ನು ತಡೆಯುತ್ತದೆ. ವಿಷ ಮೈಯಲ್ಲೇ ಉಳಿಯುತ್ತದೆ. ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ವಾಂತಿ, ಎದೆ ಬಡಿತ, ಉಸಿರಾಟದ ತೊಂದರೆ. ರಕ್ತದ ಒತ್ತಡ ಇಳಿದು ಕುಸಿದು ಬೀಳುವುದೂ ಉಂಟು. ಹೃದಯದ ಬೇನೆ ಇರುವವರಿಗೆ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಗುಣ ಮೈಯಲ್ಲಿ ಉಳಿದಿರುತ್ತದೆ.

ಈಗ ವಿಚಾರ ಮಾಡಿ. "ಇದನ್ನು ನುಂಗಿದ್ದೇನೆ, ಕುಡಿದರೆ ಕೆಡುತ್ತದೆ" ಎಂಬ ಅರಿವೇ ಈ ಮಾತ್ರೆಯ ಬಲ. ಗೊತ್ತಿಲ್ಲದವನಿಗೆ ಆ ಅರಿವು ಎಲ್ಲಿಂದ ಬರಬೇಕು? ಆತ ಎಂದಿನಂತೆ ಕುಡಿಯುತ್ತಾನೆ, ನೆಲಕ್ಕೆ ಬೀಳುತ್ತಾನೆ. ಆಸ್ಪತ್ರೆಯಲ್ಲಿ "ಏನು ತಿಂದಿದ್ದರು?" ಎಂದು ಕೇಳಿದರೆ ಹೆಂಡತಿ ಬಾಯಿ ಬಿಡಲಾರಳು. ರೋಗಿಗೆ ತಿಳಿಸದೆ ಇದನ್ನು ಎಂದೂ ಕೊಡಬಾರದೆಂದು ವೈದ್ಯಶಾಸ್ತ್ರ ಖಡಾಖಂಡಿತವಾಗಿ ಹೇಳುತ್ತದೆ.

ಅದೇ ಮಾತ್ರೆಯನ್ನು ಡಾಕ್ಟರು ಹೃದಯ, ಲಿವರ್ ಪರೀಕ್ಷೆ ಮಾಡಿ, ಆತ ಒಪ್ಪಿದ ಮೇಲೆ ಬರೆದುಕೊಟ್ಟರೆ ಮಾತು ಬೇರೆ. ದಿನಾ ಬೆಳಿಗ್ಗೆ ಹೆಂಡತಿ ಎದುರಿಗೆ ನಿಂತು ನೀರು ಕೊಟ್ಟು ನುಂಗಿಸಿದರೆ ಗುಣ ಚೆನ್ನಾಗಿ ಕಾಣುತ್ತದೆ. ಕದ್ದು ಕೊಟ್ಟರೆ ವಿಷ, ಹೇಳಿ ಕೊಟ್ಟರೆ ಔಷಧ. ಇದನ್ನು ತೆಗೆದುಕೊಳ್ಳುವವರು ಮದ್ಯಸಾರ ಬೆರೆತ ಕೆಮ್ಮಿನ ಔಷಧ, ಟಾನಿಕ್ಕು, ಅರಿಷ್ಟ, ಆಸವಗಳಿಂದಲೂ ದೂರ ಇರಬೇಕು.

ಒಮ್ಮೆಲೇ ನಿಲ್ಲಿಸಿದರೆ

"ನಾಳೆಯಿಂದ ಬಿಟ್ಟೆ" ಎಂದು ಗಂಡ ಆಣೆ ಮಾಡಿದರೆ ನಾವು ದೇವರಿಗೆ ತುಪ್ಪದ ದೀಪ ಹಚ್ಚುತ್ತೇವೆ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಅರ್ಧ ದಿನದೊಳಗೆ ಕೈ ನಡುಕ, ಬೆವರು, ನಿದ್ದೆಗೇಡು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರು ಇಲ್ಲದ್ದನ್ನು ಕಂಡು, ಗೋಡೆಯ ಮೇಲೆ ಹುಳ ಹರಿದಾಡುತ್ತವೆ ಎಂದು ಕೂಗಾಡುತ್ತಾರೆ. ಮನೆಮಂದಿ "ಗಾಳಿ ಸೋಕಿತು" ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಮಿದುಳಿನ ತಳಮಳ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವ ಸ್ಥಿತಿ. ತಡಮಾಡದೆ 108ಕ್ಕೆ ಫೋನು ಮಾಡಿ.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಔಷಧಗಳನ್ನು ಕೊಟ್ಟು, ಸುಮಾರು ಒಂದು ವಾರದಲ್ಲಿ ದಿನದಿನಕ್ಕೆ ಕಡಿಮೆ ಮಾಡುತ್ತ ನಿಲ್ಲಿಸುತ್ತಾರೆ. ಇವನ್ನು ನಾವೇ ಅಂಗಡಿಯಿಂದ ತಂದು ಕೊಡಬಾರದು. ಇವಕ್ಕೂ ಚಟ ಹತ್ತುತ್ತದೆ, ಕುಡಿದ ಮೇಲೆ ನುಂಗಿದರೆ ಉಸಿರೇ ನಿಂತೀತು. ಜೊತೆಗೆ ಥಯಮಿನ್, ಅಂದರೆ ಬಿ-1 ಜೀವಸತ್ವದ ಇಂಜೆಕ್ಷನ್ನು ಕೊಡುತ್ತಾರೆ. ನಮ್ಮ ಜನಕ್ಕೆ ಗ್ಲೂಕೋಸ್ ಬಾಟ್ಲಿಯ ಮೇಲೆ ಬಹಳ ನಂಬಿಕೆ. ಆದರೆ ಬಹಳ ಕುಡಿಯುವವರಿಗೆ ಬಿ-1 ಕೊಡದೆ ಬರೇ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಹಾಗಾಗಿ ಆತ ಎಷ್ಟು ಕುಡಿಯುತ್ತಾರೆ ಎಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಆಸೆ ತಗ್ಗಿಸುವ ಮಾತ್ರೆಗಳು

ಬಿಟ್ಟ ಮೇಲೆ ಮತ್ತೆ ಮತ್ತೆ ಎಳೆಯುವ ಆಸೆಗೂ ಈಗ ಔಷಧವಿದೆ. ನಾಲ್ಟ್ರೆಕ್ಸೋನ್ ಎಂಬುದು ಕುಡಿದಾಗ ಸಿಗುವ ಖುಷಿಯನ್ನೇ ಕಡಿಮೆ ಮಾಡುತ್ತದೆ. ಲಿವರ್ ಸರಿಯಿದೆಯೇ ಎಂದು ನೋಡಿ ಕೊಡುತ್ತಾರೆ. ಅಕಾಂಪ್ರೊಸೇಟ್ ಬಿಟ್ಟವರ ಮನಸ್ಸಿನ ಚಡಪಡಿಕೆಯನ್ನು ಶಮನ ಮಾಡುತ್ತದೆ. ಅದಕ್ಕೆ ಕಿಡ್ನಿ ಸರಿಯಿರಬೇಕು. ಯಾರಿಗೆ ಯಾವುದು, ಎಷ್ಟು ತಿಂಗಳು ಎಂಬುದು ಡಾಕ್ಟರ ಲೆಕ್ಕ. ಪಕ್ಕದ ಮನೆಯವರ ಚೀಟಿ ನೋಡಿ ನಮ್ಮವರಿಗೆ ತರಬಾರದು.

ಸೇಂದಿಯ ಮಾತು

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದಾಗಿದೆ. ಆದರೆ ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣದ ಗಡಿ, ಅಲ್ಲಿ ಸೇಂದಿ ಅಂಗಡಿಗಳುಂಟು. "ಗಿಡದಿಂದ ಇಳಿಸಿದ್ದು, ತಂಪು" ಎಂದು ಕುಡಿಯುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಕಲಬೆರಕೆ ಸೇಂದಿಯಲ್ಲಿ ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್‌ನಂಥ ನಿದ್ದೆಯ ಔಷಧ ಬೆರೆಸಿರುತ್ತಾರೆ. ಚಟ ಹತ್ತುವುದು ಆ ಔಷಧಕ್ಕೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ, ನಿಜಾಮಾಬಾದ ಮೊದಲಾದ ಕಡೆ ದಿನಾ ಸೇಂದಿ ಕುಡಿಯುತ್ತಿದ್ದವರು ಫಿಟ್ಸ್ ಬಂದು, ಹುಚ್ಚು ಹಿಡಿದಂತಾಗಿ ಆಸ್ಪತ್ರೆ ಸೇರಿದರು. ಸೇಂದಿ ಬಿಡಿಸುವುದಿದ್ದರೂ ಡಾಕ್ಟರ ಕಣ್ಣೆದುರಿಗೇ ಆಗಬೇಕು.

ಎಲ್ಲಿಗೆ ಹೋಗಬೇಕು?

ಕುಡಿತವೂ ಒಂದು ಕಾಯಿಲೆ. ಅದಕ್ಕೆ ನೋಡುವವರು ಮನೋರೋಗದ ಡಾಕ್ಟರು. "ನಮ್ಮವರಿಗೇನು ಹುಚ್ಚೇನ್ರಿ?" ಎಂದು ಸಂಕೋಚ ಪಡಬೇಡಿ. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಜಿಲ್ಲೆ ಜಿಲ್ಲೆಗೆ ಮನೋವೈದ್ಯ ಸೇವೆ ಒಯ್ಯುವ ಪ್ರಯೋಗ ನಡೆದದ್ದೇ ನಮ್ಮ ರಾಜ್ಯದ ಬಳ್ಳಾರಿಯಲ್ಲಿ, 1985ರ ಸುಮಾರಿಗೆ. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಮನೆಯಿಂದ ಹೊರಡಲಾಗದಿದ್ದರೆ ಫೋನಿದೆ. 14416, ಇದು 2022ರಲ್ಲಿ ಶುರುವಾದ ಟೆಲಿ-ಮಾನಸ್. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ವಿಷಯಕ್ಕೆಂದೇ 14446 ಇದೆ. ಹೊಡೆತ ಬಡಿತಕ್ಕೆ ಬಂದರೆ ಸಹಿಸಿ ಕೂಡಬೇಡಿ, 112ಕ್ಕೆ ತಿಳಿಸಿ.

ಹೇಳುವುದು ಹೇಗೆ?

ಕುಡಿದು ಬಂದ ರಾತ್ರಿ ಮಾತು ತೆಗೆದರೆ ಜಗಳ ಖಂಡಿತ. ಬೆಳಿಗ್ಗೆ ಚಹ ಕುಡಿಯುವಾಗ, ಮಕ್ಕಳಿಲ್ಲದ ಹೊತ್ತಿನಲ್ಲಿ, "ರೀ, ನಿಮ್ಮ ಕೈ ನಡಗತಾವ, ರಾತ್ರಿ ನಿದ್ದಿ ಇಲ್ಲ. ಒಮ್ಮೆ ಡಾಕ್ಟರಿಗೆ ತೋರಿಸ್ಕೊಂಡು ಬರೋಣು ನಡೀರಿ, ನಾನೂ ಬರ್ತೀನಿ" ಎನ್ನಿ. ಕುಡಿತದ ಹೆಸರೆತ್ತಿದರೆ ಸಿಟ್ಟಾಗುವವರೂ ನಿದ್ದೆ, ಹೊಟ್ಟೆನೋವು ಎಂದರೆ ಏಳುತ್ತಾರೆ. ಒಮ್ಮೆಗೆ ಒಪ್ಪದಿದ್ದರೆ ಎಂಟು ದಿನ ಬಿಟ್ಟು ಮತ್ತೆ ಹೇಳಿ. ಅವರು ಬರದಿದ್ದರೂ ನೀವೊಬ್ಬರೇ ಹೋಗಿ ಸಲಹೆ ಕೇಳಬಹುದು.

ಚಿಕಿತ್ಸೆಯಲ್ಲಿರುವವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು. ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಊಟಕ್ಕೆ ಬಿಸಿ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ. ಬೇಳೆಕಾಳು, ಶೇಂಗಾದಲ್ಲಿ ಬಿ-1 ಇದೆ. ಕುಡಿತದ ಹೊತ್ತಾದ ಸಂಜೆ ಹೊಟ್ಟೆ ಖಾಲಿ ಬಿಡದೆ ಒಂದು ಹಿಡಿ ಹುರಿಗಡಲೆ, ಒಂದು ತುಂಡು ಬೆಲ್ಲ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೇಡ.

ಬಿಟ್ಟವರು ಒಂದು ದಿನ ಮತ್ತೆ ಕುಡಿದು ಬರಬಹುದು. ಈ ಕಾಯಿಲೆಯ ಸ್ವಭಾವವೇ ಹಾಗೆ. ಎಲ್ಲ ಮುಗಿಯಿತೆಂದು ಕೈಚೆಲ್ಲದೆ ಮರುದಿನವೇ ಡಾಕ್ಟರ ಬಳಿ ಕರೆದೊಯ್ಯಿರಿ. ಆದರೆ ಡೈಸಲ್ಫಿರಾಮ್ ನುಂಗುವವರು ಕುಡಿದಿದ್ದರೆ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ. ಗಂಡನಿಗೆ ಬಡಿಸುವ ತಾಟಿನಲ್ಲಿ ಆತನಿಗೆ ತಿಳಿಯದ್ದು ಏನೂ ಇರಬಾರದು. ಮಾತ್ರೆ ಕೊಡುವುದಾದರೆ ಡಾಕ್ಟರ ಚೀಟಿಯೊಂದಿಗೆ, ಆತನ ಅಂಗೈ ಮೇಲೆ ಇಟ್ಟು ಕೊಡೋಣ.