ಸ್ತನ ಮರುರಚನೆಯ ನಂತರದ ನೋವು: ಸಹಿಸಲೇಬೇಕೆ?

ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. ಈ ರೋಗ ಬಂದವರಲ್ಲಿ ಅನೇಕರಿಗೆ ಇಡೀ ಸ್ತನವನ್ನೇ ತೆಗೆಯಬೇಕಾಗುತ್ತದೆ. ಹೀಗೆ ಕಳೆದುಕೊಂಡ ಸ್ತನದ ಆಕಾರವನ್ನು ಮತ್ತೆ ರೂಪಿಸಿಕೊಡುವ ಶಸ್ತ್ರಚಿಕಿತ್ಸೆಗೆ ಸ್ತನ ಮರುರಚನೆ ಎನ್ನುತ್ತಾರೆ. ಇದಕ್ಕೆ ಒಪ್ಪುವ ಮುನ್ನ ಹೆಂಗಸರನ್ನು ಕಾಡುವ ದೊಡ್ಡ ಭಯ ನೋವಿನದು. ಅದನ್ನು ಬಾಯಿಬಿಟ್ಟು ಹೇಳಿದರೆ, 'ಹೆರಿಗೆ ನೋವನ್ನೇ ತಡೆದುಕೊಂಡವಳಿಗೆ ಇದೇನು ಮಹಾ' ಎಂಬ ಉತ್ತರ ಮನೆಯವರಿಂದಲೇ ಬರುವುದುಂಟು. ಈ ಮಾತು ಸರಿಯಲ್ಲ. ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ತಡೆಯುವುದು ಚಿಕಿತ್ಸೆಯ ಒಂದು ಭಾಗ.

ನೋವು ಬರುವುದು ಎಲ್ಲಿಂದ?

ಮರುರಚನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಸಿಲಿಕೋನ್ ಚೀಲವನ್ನು ಎದೆಯೊಳಗೆ ಇಡುತ್ತಾರೆ. ಅದನ್ನು ಎದೆಯ ಸ್ನಾಯುವಿನ ಅಡಿಯಲ್ಲಿ ಇಟ್ಟಾಗ ಸ್ನಾಯು ಹಿಗ್ಗಿ, ಆಗಾಗ ಸೆಟೆದುಕೊಂಡು ನೋಯುತ್ತದೆ. ಎರಡನೆಯದರಲ್ಲಿ ರೋಗಿಯ ಹೊಟ್ಟೆ ಅಥವಾ ಬೆನ್ನಿನ ಅಂಗಾಂಶವನ್ನೇ ತೆಗೆದು ಎದೆಗೆ ಜೋಡಿಸುತ್ತಾರೆ. ಇಲ್ಲಿ ಗಾಯ ಎರಡು ಕಡೆ. ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರೆ ತೋಳಿನ ಒಳಭಾಗದಲ್ಲಿ ಉರಿ, ಜೋಮು ಸೇರಿಕೊಳ್ಳುತ್ತವೆ.

ಈ ನೋವನ್ನು ಹಲ್ಲು ಕಚ್ಚಿ ಸಹಿಸಿದರೆ ಲಾಭವಿಲ್ಲ, ನಷ್ಟವೇ ಹೆಚ್ಚು. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ತೋಳು ಎತ್ತದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಇನ್ನೊಂದು ಸಂಗತಿಯಿದೆ. ಸ್ತನದ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ 20ರಿಂದ 50 ಮಂದಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆಂದು ವಿವಿಧ ಅಧ್ಯಯನಗಳು ಹೇಳುತ್ತವೆ. ಮೊದಲ ದಿನಗಳಲ್ಲಿ ತೀವ್ರ ನೋವು ಅನುಭವಿಸಿದವರಲ್ಲಿ ಈ ಸಾಧ್ಯತೆ ಹೆಚ್ಚು.

'ನರ್ವ್ ಬ್ಲಾಕ್' ಎಂದರೇನು?

ನೋವಿನ ಸುದ್ದಿ ಗಾಯದಿಂದ ಮಿದುಳಿಗೆ ಹೋಗುವುದು ನರಗಳ ಮೂಲಕ. ದೂರವಾಣಿಯ ತಂತಿಯನ್ನು ದಾರಿಯಲ್ಲೇ ತಡೆದರೆ ಮಾತು ಆ ಕಡೆಗೆ ಕೇಳಿಸದು. ಹಾಗೆಯೇ ನರದ ಸುತ್ತ ಮರಗಟ್ಟಿಸುವ ಔಷಧಿ ಚುಚ್ಚಿದರೆ ನೋವಿನ ಸುದ್ದಿ ಮಿದುಳನ್ನು ಮುಟ್ಟುವುದಿಲ್ಲ. ನರದ ಹೊರಪೊರೆಯಲ್ಲಿ ಸೋಡಿಯಂ ಒಳನುಗ್ಗುವ ಸೂಕ್ಷ್ಮ ದ್ವಾರಗಳಿವೆ. ಔಷಧಿ ಅವುಗಳನ್ನು ಕೆಲವು ಗಂಟೆಗಳ ಕಾಲ ಮುಚ್ಚುತ್ತದೆ. ಹಲ್ಲು ಕೀಳುವಾಗ ದಂತವೈದ್ಯರು ಚುಚ್ಚುವ ಲಿಗ್ನೋಕೇನ್‌ನ ಜಾತಿಗೇ ಸೇರಿದ, ಅದಕ್ಕಿಂತ ಹೆಚ್ಚು ಹೊತ್ತು ಕೆಲಸಮಾಡುವ ಬ್ಯುಪಿವಕೇನ್ ಅಥವಾ ರೋಪಿವಕೇನ್ ಇಲ್ಲಿ ಬಳಕೆಯಾಗುತ್ತವೆ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಹೆಸರಾದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರೇ 1880ರ ದಶಕದಲ್ಲಿ ನರಗಳಿಗೆ ಔಷಧಿ ಚುಚ್ಚಿ ನೋವು ತಡೆದ ಮೊದಲಿಗರಲ್ಲಿ ಒಬ್ಬರು. ಅಂದು ಬಳಸಿದ್ದು ಕೊಕೇನ್. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡ ಅವರು ಅದರ ಚಟಕ್ಕೆ ಬಿದ್ದರು. ಇಂದಿನ ಔಷಧಿಗಳು ಚಟ ಹಿಡಿಸುವುದಿಲ್ಲ. ಆದ್ದರಿಂದ ಆ ಭಯ ಬೇಡ.

ಸ್ತನಕ್ಕೆ ಮುಖ್ಯವಾಗಿ 2ನೆಯದರಿಂದ 6ನೆಯವರೆಗಿನ ಪಕ್ಕೆನರಗಳು ಸ್ಪರ್ಶಜ್ಞಾನ ಕೊಡುತ್ತವೆ. ಇವು ಬೆನ್ನುಮೂಳೆಯಿಂದ ಹೊರಬರುವ ಜಾಗದಲ್ಲೇ ಔಷಧಿ ಚುಚ್ಚುವ 'ಪ್ಯಾರಾವರ್ಟೆಬ್ರಲ್ ಬ್ಲಾಕ್' 1905ರಷ್ಟು ಹಳೆಯದು. ಎದೆಸ್ನಾಯುಗಳ ಪದರಗಳ ನಡುವೆ ಔಷಧಿ ಹರಡುವ 'ಪೆಕ್ಸ್ ಬ್ಲಾಕ್' ಬಂದದ್ದು 2011ರಲ್ಲಿ. ಬೆನ್ನಿನ ಸ್ನಾಯುವಿನ ಅಡಿಯಲ್ಲಿ ಚುಚ್ಚುವ 'ಇರೆಕ್ಟರ್ ಸ್ಪೈನೆ ಬ್ಲಾಕ್' 2016ರಲ್ಲಿ. ಹೊಟ್ಟೆಯ ಅಂಗಾಂಶ ತೆಗೆದಿದ್ದರೆ ಹೊಟ್ಟೆಯ ಗೋಡೆಗೆ ಬೇರೆಯೇ ಚುಚ್ಚುಮದ್ದು ಬೇಕು. ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಚುಚ್ಚುತ್ತಾರೆ. ಮರುರಚನೆಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟೇ ಕೊಡುತ್ತಾರೆ. ಬ್ಲಾಕ್ ಅದರ ಜೊತೆಗೆ.

ಇದರ ಲಾಭವೇನು? ಎಚ್ಚರವಾದಾಗ ನೋವು ಕಡಿಮೆ. ಮಾರ್ಫೀನ್, ಟ್ರಮಡಾಲ್‌ನಂಥ ಔಷಧಿಗಳು ಕಡಿಮೆ ಸಾಕಾಗುತ್ತವೆ. ಹಾಗಾಗಿ ಅವುಗಳಿಂದ ಬರುವ ವಾಂತಿ, ಮಂಪರು, ಮಲಬದ್ಧತೆಯೂ ಕಡಿಮೆ. ಬಹುಕಾಲ ಉಳಿಯುವ ನೋವನ್ನೂ ಇದು ತಗ್ಗಿಸಬಹುದು. ಆದರೆ ಅದಕ್ಕೆ ಖಾತರಿಯಿಲ್ಲ.

ಮೊದಲ ರಾತ್ರಿಯ ಎಚ್ಚರ

ಒಮ್ಮೆ ಚುಚ್ಚಿದ ಔಷಧಿಯ ಪರಿಣಾಮ ಸಾಮಾನ್ಯವಾಗಿ 8ರಿಂದ 24 ಗಂಟೆ. ಕೆಲವರಿಗೆ ತೆಳುವಾದ ನಳಿಕೆ ಇಟ್ಟು ಎರಡು ಮೂರು ದಿನ ಔಷಧಿ ಹರಿಸುತ್ತಾರೆ. ಹೆಚ್ಚಿನವರು ತೊಂದರೆಗೆ ಸಿಕ್ಕುವುದು ಈ ಪರಿಣಾಮ ಇಳಿಯುವಾಗ. 'ನೋವೇ ಇಲ್ಲವಲ್ಲ, ಮಾತ್ರೆ ಏಕೆ?' ಎಂದು ಸಂಜೆಯ ಮಾತ್ರೆ ಬಿಟ್ಟು ಮಲಗುತ್ತಾರೆ. ನಡುರಾತ್ರಿ ಔಷಧಿ ಇಳಿದಾಗ ನೋವು ಒಮ್ಮೆಲೇ ಏರುತ್ತದೆ. ಆಗ ನುಂಗಿದ ಮಾತ್ರೆ ಕೆಲಸಮಾಡಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಆದ್ದರಿಂದ ನೋವಿರಲಿ ಬಿಡಲಿ, ವೈದ್ಯರು ಬರೆದುಕೊಟ್ಟ ಪ್ಯಾರಸಿಟಮಾಲ್ ಮುಂತಾದ ಮಾತ್ರೆಗಳನ್ನು ಗಂಟೆ ನೋಡಿ ತೆಗೆದುಕೊಳ್ಳಿ. ನೆಗಡಿ, ಜ್ವರದ ಹಲವು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎರಡೂ ಸೇರಿ ಮಿತಿಮೀರಿದರೆ ಯಕೃತ್ತಿಗೆ ಅಪಾಯ. ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಹುಣ್ಣು ಇರುವವರು ಡೈಕ್ಲೋಫಿನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿ ನುಂಗಬಾರದು.

ಅಪಾಯವೇ ಇಲ್ಲವೆ?

ಯಾವ ಚಿಕಿತ್ಸೆಯೂ ಪೂರ್ತಿ ನಿರಪಾಯಕಾರಿಯಲ್ಲ. ಕೆಲವೊಮ್ಮೆ ಬ್ಲಾಕ್ ಸರಿಯಾಗಿ ಹಿಡಿಯುವುದಿಲ್ಲ. ಚುಚ್ಚಿದಲ್ಲಿ ರಕ್ತ ಕಟ್ಟಿಕೊಳ್ಳಬಹುದು. ತೀರಾ ಅಪರೂಪಕ್ಕೆ ಸೂಜಿ ಶ್ವಾಸಕೋಶದ ಪೊರೆಗೆ ತಾಗಬಹುದು, ಇಲ್ಲವೆ ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರಿ ವಿಷವಾಗಬಹುದು. ತುಟಿ ಜುಮುಗುಟ್ಟುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು ಇದರ ಮೊದಲ ಸೂಚನೆಗಳು. ಹಾಗನ್ನಿಸಿದರೆ ಕೂಡಲೇ ಹೇಳಿ, ಇದಕ್ಕೆ ಚಿಕಿತ್ಸೆಯಿದೆ. ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಯಾವುದಾದರೂ ಚುಚ್ಚುಮದ್ದು ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಿ.

ಮನೆಯವರು ಗಮನಿಸಬೇಕಾದದ್ದು

* 'ನೋವಿದೆಯೇ?' ಎಂದು ಕೇಳಿದರೆ ನಮ್ಮ ಹೆಂಗಸರು 'ಪರವಾಗಿಲ್ಲ' ಎನ್ನುತ್ತಾರೆ. ಬದಲಿಗೆ 'ಹತ್ತರಲ್ಲಿ ಎಷ್ಟು?' ಎಂದು ಕೇಳಿ. ಕೆಮ್ಮಿದಾಗ, ತೋಳು ಎತ್ತಿದಾಗ ಎಷ್ಟು ಎಂಬುದನ್ನೂ ಕೇಳಿ.

* ಹೊಸದಾಗಿ ರೂಪಿಸಿದ ಸ್ತನದಲ್ಲಿ ಸ್ಪರ್ಶಜ್ಞಾನ ಬಹುಕಾಲ ಇರುವುದಿಲ್ಲ. ಹಲವರಿಗೆ ಪೂರ್ತಿ ಮರಳುವುದೇ ಇಲ್ಲ. ಬಿಸಿನೀರಿನ ಚೀಲದ ಶಾಖ ಕೊಡಲೇಬೇಡಿ. ಚರ್ಮ ಸುಟ್ಟರೂ ರೋಗಿಗೆ ತಿಳಿಯದು.

* ಮಾತ್ರೆಗೂ ಬಗ್ಗದೆ ನೋವು ಒಮ್ಮೆಲೇ ಹೆಚ್ಚಿದರೆ, ಒಂದು ಕಡೆ ಊತ ಬಂದು ಬಿಗಿದರೆ, ಚರ್ಮ ನೀಲಿಯಾದರೆ ಅಥವಾ ಬಿಳಿಚಿಕೊಂಡರೆ, ಜ್ವರ ಬಂದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

* ತೋಳಿನ ವ್ಯಾಯಾಮವನ್ನು ವೈದ್ಯರು ಹೇಳಿದ ದಿನದಿಂದ, ಹೇಳಿದಷ್ಟೇ ಮಾಡಿಸಿ. ನೋವಿನ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನ ಮೇಲೆ ಮಾಡಿದರೆ ಸುಲಭ.

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಬಂದು ಪರೀಕ್ಷಿಸುತ್ತಾರೆ. ಆಗ ಸುಮ್ಮನಿರಬೇಡಿ. ನನಗೆ ನರ್ವ್ ಬ್ಲಾಕ್ ಕೊಡುವಿರಾ? ಎಲ್ಲಿಗೆ? ಅದು ಎಷ್ಟು ಗಂಟೆ ಇರುತ್ತದೆ? ಇಳಿದ ಮೇಲೆ ಯಾವ ಮಾತ್ರೆ, ಎಷ್ಟು ಹೊತ್ತಿಗೊಮ್ಮೆ? ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಹೇಳಬೇಕು? ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಅದರಲ್ಲೇ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರುವವರ ಕೈಯಲ್ಲಿ ಆ ಚೀಟಿ ಇರಲಿ.